ಕಲ್ಲಿನ ತೇರಿನ ಮ್ಯಾಲ ಒಂದು ಗೋಪುರ ಇತ್ತಂತ

ಮನ್ಯಾಗ ಐವತ್ತು ರೂಪಾಯಿ ನೋಟು ಇದ್ದರ ಒಂದೀಟು ತಗೊಂಡು ಹಿಂದಿನ ಮಗ್ಗಲು ನೋಡ್ರಿ. 2017ರಾಗ ಬಂದ ಹೊಸಾ ನೋಟು. ನಮ್ಮ ಹಂಪಿ ಕಲ್ಲಿನ ತೇರು ಐತಿ ಅದರಾಗ. ಸಂತಿಗೆ ಹೋದಾಗ ಕೊತ್ತಂಬರಿ ಮಾರೋ ಅಕ್ಕನ ಕೈಗೆ ದಿನಾ ಕೊಡ್ತೀವಿ, ಚಿಲ್ಲರೆ ಇಸಗೊಂತೀವಿ, ಒಮ್ಮೆನೂ ನೋಡಿರಂಗಿಲ್ಲ.

ನನ್ನ ನಾದಿನಿ ಮಗಳಿಗೆ ಒಂದು ಹುಚ್ಚು. ಡಿಗ್ರಿ ಓದ್ತಾಳ, ಕೈಯಾಗ ಮೊಬೈಲು, ಹೆಗಲ ಮ್ಯಾಲ ಒಂದು ಜೋಳಿಗಿ, ಜೋಳಿಗಿ ತುಂಬ ಪುಸ್ತಕ. ಭಾನುವಾರ ಬಂತಂದ್ರ "ಅತ್ತೀ, ನಡೀರಿ ಆಟ ಆಡಾಕ ಹೋಗೂಣು" ಅಂತಾಳ. ಆಟ ಏನು ಅಂದ್ರ, ಹಳೇ ಪುಸ್ತಕದಾಗಿನ ಫೋಟೋ ನೋಡಿ, ಅದನ್ನ ತಗದಾಂವ ಯಾವ ಜಾಗದಾಗ ನಿಂತಿದ್ದ ಅಂತ ಹುಡುಕಿ, ಅದೇ ಜಾಗದಾಗ ನಿಂತು ನಾವೊಂದು ಫೋಟೋ ತಗಿಯೋದು. ಮೊದಮೊದಲು ನಾನು ಬೈದೆ. ಬಟ್ಟಿ ಒಗಿಯೋ ದಿನ, ಹಿಟ್ಟು ಹಾಕಿಸೋ ದಿನ, ಇದೇನು ಸಣ್ಣ ಹುಡುಗರ ಆಟ ಅಂತ. ಈಗ ನಾನೂ, ಪಕ್ಕದ ಮನಿ ಅಕ್ಕನೂ, ನಮ್ಮ ವೈನಿನೂ ಮೂರೂ ಮಂದಿ ಆಕಿಕಿಂತ ಮೊದಲ ಚಪ್ಪಲಿ ಮೆಟ್ಟಿರ್ತೀವಿ.

ಮೊದಲನೇ ಸಲ ವಿಜಯವಿಠ್ಠಲ ಗುಡಿಗೆ ಹೋದ್ವಿ. ಹುಡುಗಿ ಐವತ್ತರ ನೋಟು ತಗದು ತೇರಿನ ಎದುರಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ, ಹಿಂದಕ್ಕ ಮುಂದಕ್ಕ ಸರಿದು, ನೋಟಿನಾಗಿನ ತೇರಿಗೂ ಖರೇ ತೇರಿಗೂ ಗೆರಿ ಕೂಡಿಸಿ ಕ್ಲಿಕ್ ಮಾಡಿದಳು. ನಾವು ನಕ್ವಿ. ಆಮ್ಯಾಲ ಆಕಿ ಮೊಬೈಲಿನಾಗ ಇನ್ನೊಂದು ಚಿತ್ರ ತೋರಿಸಿದಳು. ಕಾಲೇಜ್ ಲೈಬ್ರರಿ ಪುಸ್ತಕದಾಗಿಂದ ತಗೊಂಡಿದ್ದಳಂತ. ಅದೂ ಇದೇ ತೇರು. ಆದರ ಅದರ ನೆತ್ತಿ ಮ್ಯಾಲ ಇಟ್ಟಿಗಿ ಗಾರೆಯ ಒಂದು ಗೋಪುರ ಇತ್ತು!

ನಾನು ಹುಟ್ಟಿ ಬೆಳೆದದ್ದು ಹೊಸಪೇಟ್ಯಾಗ. ಲಗ್ನ ಆಗಿ ಬಂದದ್ದೂ ಇದೇ ಊರಾಗ, ನಾಲ್ಕು ಓಣಿ ಆಚೆ. ಬೀಗರು ಬಿಜ್ಜರು ಬಂದಾಗೆಲ್ಲ ಹಂಪಿಗೆ ಕರಕೊಂಡು ಹೋಗಿ ತೇರು ತೋರಿಸಿದ್ದು ಎಷ್ಟು ಸಲ ಅಂತ ಲೆಕ್ಕ ಇಲ್ಲ. ಅದಕ್ಕೊಂದು ಗೋಪುರ ಇತ್ತು ಅನ್ನೋದು ಗೊತ್ತೇ ಇರಲಿಲ್ಲ. ಬೋಳು ತಲಿನೇ ಅದರ ಚೆಂದ ಅನ್ಕೊಂಡಿದ್ದೆ.

ಆ ಫೋಟೋ ತಗದಾಂವ ಅಲೆಕ್ಸಾಂಡರ್ ಗ್ರೀನ್‌ಲಾ ಅಂತ, ಮದ್ರಾಸ್ ಸೈನ್ಯದಾಗಿನ ಇಂಗ್ರೇಜಿ ಅಧಿಕಾರಿ. 1856ರ ಹೊತ್ತಿಗೆ ಹಂಪಿಗೆ ಬಂದು ಅರವತ್ತರ ಆಸುಪಾಸು ಫೋಟೋ ತಗದ. ಸಿಪಾಯಿ ದಂಗೆ ಆಗಾಕ ಇನ್ನೂ ಒಂದು ವರ್ಷ ಇತ್ತು. ರೈಲು ನಮ್ಮ ಕಡಿ ಬಂದಿರಲಿಲ್ಲ. ಫಿಲಂ ರೋಲ್ ಅನ್ನೋದು ಹುಟ್ಟಿರಲಿಲ್ಲ. ಅಂವ ತಗದದ್ದು ಕಾಗದದ ಮ್ಯಾಲ, ಮೇಣ ಹಚ್ಚಿದ ಕಾಗದ.

ಇದನ್ನ ಓದಿದಾಗ ನನಗ ಹಪ್ಪಳ ಮಾಡೋ ಕೆಲಸ ನೆನಪಾತು ನೋಡ್ರಿ. ಇಂಗ್ಲೆಂಡಿನ ಟಾಲ್ಬಟ್ ಅನ್ನಾಂವ ಕಾಗದದ ಮ್ಯಾಲ ಚಿತ್ರ ಮೂಡಿಸೋ ವಿದ್ಯಾಕ್ಕ 1841ರಾಗ ಹಕ್ಕು ಮಾಡಿಸಿಕೊಂಡಿದ್ದ. ಹತ್ತು ವರ್ಷಕ್ಕ, 1851ರಾಗ, ಫ್ರಾನ್ಸಿನ ಲೆ ಗ್ರೇ ಅನ್ನಾಂವ ಮೊದಲ ಕಾಗದಕ್ಕ ಮೇಣ ಕುಡಿಸೋ ರೀತಿ ಹೇಳಿಕೊಟ್ಟ. ಒಳ್ಳೆ ಕಾಗದ ಆರಿಸಬೇಕು, ಕರಗಿದ ಮೇಣ ಕುಡಿಸಬೇಕು, ಹೆಚ್ಚಿನದ್ದು ಇಸ್ತ್ರಿ ಮಾಡಿದಂಗ ಒತ್ತಿ ತಗೀಬೇಕು. ಅಯೋಡೈಡ್ ನೀರಿನಾಗ ಅದ್ದಿ ಒಣಗಿಸಬೇಕು. ಕತ್ತಲ ಕೋಣ್ಯಾಗ ಬೆಳ್ಳಿ ಉಪ್ಪಿನ ನೀರಿನಾಗ ಅದ್ದಬೇಕು, ಅಂದ್ರ ಸಿಲ್ವರ್ ನೈಟ್ರೇಟ್. ಆಮ್ಯಾಲ ಕ್ಯಾಮೆರಾದಾಗ ಇಟ್ಟು ನಿಮಿಷಗಟ್ಟಲೆ ಬಾಯಿ ತೆರೆದಿಡಬೇಕು. ಮತ್ತ ಕತ್ತಲಕ್ಕ ಒಯ್ದು ಗ್ಯಾಲಿಕ್ ಆಮ್ಲದಾಗ ಹಾಕಿದರ ಚಿತ್ರ ಮೂಡತೈತಿ. ಮೇಣದ ಕಾಗದದ ಲಾಭ ಏನಂದ್ರ ಮೊದಲ ತಯಾರು ಮಾಡಿ ಇಟಗೋಬಹುದು, ಬಿಸಿಲು ದೇಶದಾಗೂ ಲಗೂನ ಕೆಡಂಗಿಲ್ಲ. ನಾವು ಬ್ಯಾಸಿಗ್ಯಾಗ ಹಪ್ಪಳ ಸಂಡಿಗಿ ಮಾಡಿ ಡಬ್ಬಿಗೆ ಹಾಕಿ, ಬೇಕಾದಾಗ ತಗದು ಕರದಂಗ.

ಅವನ ಕಾಗದ ಎಷ್ಟು ದೊಡ್ಡದು ಗೊತ್ತೇನು? ಹೆಚ್ಚುಕಡಿಮಿ ಹದಿನಾರು ಇಂಚು, ಹದಿನೆಂಟು ಇಂಚು. ನಮ್ಮ ರೊಟ್ಟಿ ಬಡಿಯೋ ಕೊಣಮಗಿಗಿಂತ ಅಗಲ. ಆಗ ಕಾಗದ ಎಷ್ಟು ದೊಡ್ಡದೋ ಕ್ಯಾಮೆರಾ ಅಷ್ಟು ದೊಡ್ಡದು ಇರಬೇಕಿತ್ತು, ಯಾಕಂದ್ರ ಚಿತ್ರ ದೊಡ್ಡದು ಮಾಡೋ ಉಪಾಯ ಆಗ ಸುಲಭ ಇರಲಿಲ್ಲ. ಅಷ್ಟು ದೊಡ್ಡ ಪೆಟಗಿ, ಅದರ ಕಾಲು, ಬಾಟಲಿ, ಕತ್ತಲ ಮಾಡಾಕ ಬಟ್ಟಿ. ಇದನ್ನೆಲ್ಲ ಹಂಪಿಯ ಆ ಬಂಡಿಗಲ್ಲಿನ ಮ್ಯಾಲ ಏರಿಸಿದವರು ಯಾರು? ಸಾಹೇಬ ತಾನಾ ಹೊತ್ತಿರಂಗಿಲ್ಲ. ಹೊತ್ತವರು ನಮ್ಮ ಕಡಿ ಮಂದಿನೇ ಇರಬೇಕು. ಅವರ ಹೆಸರು ನಮಗ ಸಿಗಲಿಲ್ಲ. ಈ ಮಾತು ನನಗ ಮತ್ತ ಮತ್ತ ಚುಚ್ಚತೈತಿ, ಮುಂದ ಹೇಳ್ತೀನಿ.

ನಿಮಿಷಗಟ್ಟಲೆ ಬಾಯಿ ತೆರೆದಿಟ್ಟರ ಏನಾಗತೈತಿ ಅಂದ್ರ, ಅಲುಗಾಡಿದ್ದೆಲ್ಲ ಅಳಿಸಿಹೋಗತೈತಿ. ಕಲ್ಲು ಉಳಿತೈತಿ. ಕಲ್ಲಿನಂಗ ನಿಂತ ಮನುಷ್ಯಾ ಉಳಿತಾನ. ಕೊಡಾ ಹೊತ್ತು ನಡಕೊಂಡು ಹೋದಾಕಿ ಹಬಿ ಆಗಿಬಿಡ್ತಾಳ. ಗ್ರೀನ್‌ಲಾ ಫೋಟೋ ನೋಡಿದರ ಹಂಪ್ಯಾಗ ಯಾರೂ ಇರಲೇ ಇಲ್ಲೇನೋ ಅನಸ್ತೈತಿ. ಹಂಗೇನಿಲ್ಲ. ವಿರೂಪಾಕ್ಷನಿಗೆ ದಿನಾ ಪೂಜಿ ನಡೀತಿತ್ತು, ಜಾತ್ರಿ ನಡೀತಿತ್ತು, ಸುತ್ತ ಹೊಲ ಇದ್ದವು.

ಮುಂದ 1983ರಾಗ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅನ್ನೋ ಫೋಟೋಗ್ರಾಫರ್ ಬಂದು ಗ್ರೀನ್‌ಲಾ ನಿಂತ ಜಾಗದಾಗನ ನಿಂತು ಅವೇ ಚಿತ್ರ ಮತ್ತ ತಗದ. ಎರಡನ್ನೂ ಜೋಡಿ ಮಾಡಿ ಪುಸ್ತಕಾನೂ ಆತು. ಅಂದ್ರ ನಮ್ಮ ಹುಡುಗಿ ಆಡಿದ ಆಟಾನ ದೊಡ್ಡ ದೊಡ್ಡವರೂ ಆಡ್ಯಾರ! ಇದು ತಿಳಿದ ಮ್ಯಾಲ ನಾನು ಬೈಯೋದು ಬಿಟ್ಟೆ. ಒಂದು ನೂರಾ ಇಪ್ಪತ್ತೇಳು ವರ್ಷದಾಗ ಏನು ಬಿತ್ತು, ಏನು ನಿಂತೈತಿ, ಎಲ್ಲಿ ಗಿಡ ಬೆಳದಾವು ಅಂತ ಎರಡು ಚಿತ್ರ ಪಕ್ಕದಾಗ ಇಟ್ಟು ನೋಡಿದರ ಯಾರೂ ಹೇಳಬೇಕಾಗಿಲ್ಲ. ತೇರಿನ ಗೋಪುರ ನಡುವೆ ಎಲ್ಲೋ ತಗದುಹಾಕ್ಯಾರ. ಸರಕಾರದ ಪುರಾತತ್ವ ಇಲಾಖಿಯ ಲಾಂಗ್‌ಹರ್ಸ್ಟ್ 1917ರಾಗ ಹಂಪಿಯ ಹಾಳು ಕಟ್ಟಡಗಳ ಮ್ಯಾಲ ಪುಸ್ತಕ ಬರಿಯೋ ಹೊತ್ತಿಗೆ ಅದು ಇರಲಿಲ್ಲ. ಗ್ರೀನ್‌ಲಾ ತಗದ ಚಿತ್ರ ಇದ್ದದ್ದಕ್ಕ ಅಲ್ಲೊಂದು ಗೋಪುರ ಹೆಂಗಿತ್ತು ಅಂತ ನಾವು ಕಣ್ಣಿಂದ ನೋಡಿದ್ವಿ.

ಇನ್ನೊಂದು ಮಾತು. ತೇರಿನ ಮುಂದಿನ ಆನಿ ನೋಡೀರಲ್ಲ, ಮುಂದಿನ ಸಲ ಹೋದಾಗ ಆನಿ ಹಿಂದ ಬಗ್ಗಿ ನೋಡ್ರಿ. ಕುದುರಿಯ ಹಿಂಗಾಲು, ಬಾಲ ಕೆತ್ತಿದ್ದು ಕಾಣತಾವ. ಮೊದಲ ಅಲ್ಲಿ ಕುದುರಿ ಇದ್ದವು, ಆನಿ ಆಮ್ಯಾಲ ತಂದಿಟ್ಟದ್ದು. ಇದನ್ನ ಮೊದಲ ಕಂಡುಹಿಡಿದದ್ದು ನಮ್ಮ ವೈನಿ, ಪುಸ್ತಕ ಓದಿ ಅಲ್ಲ. "ಈ ಆನಿಗೆ ಕುದುರಿ ಬಾಲ ಯಾಕ ಐತಿ?" ಅಂತ ಕೇಳಿದಳು. ಆಮ್ಯಾಲ ಪುಸ್ತಕದಾಗ ನೋಡಿದರ ಖರೇನ!

ಎರಡನೇ ಸಲ ವಿರೂಪಾಕ್ಷ ಗುಡಿ. ಅಲ್ಲಿ ಗ್ರೀನ್‌ಲಾಗಿಂತ ಹಳೇ ಕ್ಯಾಮೆರಾ ಐತಿ. ಗರ್ಭಗುಡಿ ಹಿಂದಿನ ಕತ್ತಲ ಕೋಣಿಯ ಗ್ವಾಡಿ ಮ್ಯಾಲ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಬೀಳತೈತಿ. ನಾವೆಲ್ಲ ಸಣ್ಣವರಿದ್ದಾಗ ಕೈಮುಗಿದು ಬಂದವರೇ. ಹುಡುಗಿ ಹೇಳಿದಳು, ಕ್ಯಾಮೆರಾ ಅಂದ್ರ ಲ್ಯಾಟಿನ್ ಭಾಷ್ಯಾಗ ಕೋಣಿ ಅಂತ ಅರ್ಥ. ಬೆಳಕು ನೆಟ್ಟಗ ಹೋಗತೈತಿ. ಗೋಪುರದ ತುದಿಯಿಂದ ಬಂದ ಬೆಳಕು ಸಣ್ಣ ಕಿಂಡಿ ದಾಟಿ ಕೆಳಗ ಇಳೀತೈತಿ, ಬುಡದಿಂದ ಬಂದದ್ದು ಮ್ಯಾಲ ಏರತೈತಿ. ಅದಕ್ಕ ಉಲ್ಟಾ. ಇದು ಕೇಳಿದ ಕೂಡಲೇ ನನ್ನ ತವರಮನಿ ಅಡಗಿ ಮನಿ ಕಣ್ಣ ಮುಂದ ಬಂತು. ಹಂಚಿನ ಸಂದಿಯಿಂದ ನೆಲದ ಮ್ಯಾಲ ರೂಪಾಯಿ ಬಿಲ್ಲಿಯಂಗ ಗುಂಡಗ ಬಿಸಿಲು ಬೀಳತಿತ್ತು. ಸಂದಿ ಓರೆಕೋರೆ ಇದ್ದರೂ ಬಿಸಿಲು ಮಾತ್ರ ಗುಂಡಗ. ಅದು ಸೂರ್ಯನ ಫೋಟೋ ಅಂತ. ಅಷ್ಟು ವರ್ಷ ಆ ಬಿಲ್ಲಿಗಳ ಮ್ಯಾಲ ಕುಂತು ಅಕ್ಕಿ ಆರಿಸೀನಿ, ಗೊತ್ತಾಗಲಿಲ್ಲ. ಆ ರಾತ್ರಿ ಚಪ್ಪಲಿ ಡಬ್ಬಿಗೆ ಒಂದು ಕಡಿ ಸೂಜಿ ತೂತು, ಇನ್ನೊಂದು ಕಡಿ ಬೆಣ್ಣಿ ಕಾಗದ ಹಚ್ಚಿ, ಕರೆಂಟ್ ಹೋದಾಗ ಮೇಣಬತ್ತಿ ಉಲ್ಟಾ ಉರಿಯೋದು ನೋಡಿದ್ವಿ. ಮಕ್ಕಳಿದ್ದ ಮನಿಯವರು ಮಾಡಿ ನೋಡ್ರಿ, ಖರ್ಚಿಲ್ಲ.

ಗುಡಿಯಿಂದ ಹೊರಗ ಬಂದರ ಬಜಾರ. ಎದುರು ಬಸವಣ್ಣನ ತನಕ ಎರಡೂ ಕಡಿ ಕಲ್ಲು ಮಂಟಪ. ಈಗ ಖಾಲಿ. ನಿಮಗೆಲ್ಲ ನೆನಪಿರಬೇಕು, ಅಲ್ಲಿ ಅಂಗಡಿ ಇದ್ದವು, ಮನಿ ಇದ್ದವು, ಮಂಟಪದ ಕಂಬಕ್ಕ ತೊಟ್ಟಿಲು ಕಟ್ಟಿದವರಿದ್ದರು. 2011ರ ಜುಲೈ ತಿಂಗಳಾಗ ಅವನ್ನೆಲ್ಲ ತೆರವು ಮಾಡಿದರು. ಹಂಪಿ 1986ರಿಂದ ಜಗತ್ತಿನ ಪಾರಂಪರಿಕ ತಾಣ, ಹಳೇ ಕಟ್ಟಡಕ್ಕ ಧಕ್ಕಿ ಆಗಬಾರದು ಅನ್ನೋದು ಒಂದು ನ್ಯಾಯ. ಹುಟ್ಟಿ ಬೆಳೆದ ಮಂದಿದು ಇನ್ನೊಂದು ನ್ಯಾಯ. ಯಾವುದು ದೊಡ್ಡದು ಅಂತ ತೂಗಾಕ ನನಗ ಬರಂಗಿಲ್ಲ. ಆದರ ಒಂದು ಹೇಳ್ತೀನಿ. ಮನಿಗೆ ಬಂದು ಹಳೇ ಆಲ್ಬಂ ತಗದೆ. ನನ್ನ ಮಗನ ಜವಳ ವಿರೂಪಾಕ್ಷ ಗುಡ್ಯಾಗ 1996ರಾಗ ಮಾಡಿದ್ವಿ. ಬೋಳು ತಲಿಗೆ ಗಂಧ ಹಚ್ಚಿಕೊಂಡು ಅಳೋ ಮಗ, ಅವನ ಹಿಂದ ಬಜಾರದ ಒಂದು ಮಂಟಪ, ಮಂಟಪದ ಮುಂದ ಒಬ್ಬಾಕಿ ಬಗ್ಗಿ ರಂಗೋಲಿ ಹಾಕಲಿಕ್ಕೆ ಹತ್ಯಾಳ. ಇಷ್ಟು ವರ್ಷ ಆ ಫೋಟೋದಾಗ ನಾನು ನೋಡಿದ್ದು ಮಗನ್ನ ಒಬ್ಬನ್ನ. ಈಗ ನೋಡಿದರ ಆಕಿನೇ ಕಾಣತಾಳ. ಆ ಮನಿ ಇಲ್ಲ, ರಂಗೋಲಿ ಇಲ್ಲ, ಆಕಿ ಯಾರು ಅಂತ ಕೇಳೋದು ಯಾರಿಗೆ? ಮತ್ತ ಹೋಗಿ ಅದೇ ಜಾಗದಾಗ ನಿಂತು ಫೋಟೋ ತಗದ್ವಿ. ಮಗ ಬೆಂಗಳೂರಾಗ ಕೆಲಸಕ್ಕ ಇದ್ದಾನ, ಅದಕ್ಕ ಅವನ ಜಾಗದಾಗ ಪಕ್ಕದ ಮನಿ ಅಕ್ಕನ್ನ ನಿಲ್ಲಿಸಿದ್ವಿ. "ನಾನೂ ಜವಳ ಮಾಡಿಸ್ಕೋಬೇಕೇನು?" ಅಂತ ಕೇಳಿದಳು. ಆಕಿ ಹಿಂದ ಬರೇ ಕಲ್ಲು.

ಹಂಪಿ ಆತು, ಇನ್ನು ನಮ್ಮ ಹೊಸಪೇಟಿ. ಇದಕ್ಕ ಫೋಟೋ ಇಲ್ಲ, ಬರೇ ಪುಸ್ತಕ. ಪೋರ್ಚುಗೀಸಿನ ಡೊಮಿಂಗೊ ಪಾಯೆಸ್ 1520ರ ಹೊತ್ತಿಗೆ ಕೃಷ್ಣದೇವರಾಯನ ಕಾಲದಾಗ ಬಂದಿದ್ದ. ಅವನ ಹಿಂದ ಕುದುರಿ ವ್ಯಾಪಾರದ ನೂನಿಜ್. ಇಬ್ಬರೂ ಬರದದ್ದನ್ನ ರಾಬರ್ಟ್ ಸೀವೆಲ್ 1900ರಾಗ ಇಂಗ್ಲಿಷಿಗೆ ತಂದು ಪುಸ್ತಕ ಮಾಡಿದ. ನನ್ನ ಇಂಗ್ಲಿಷು ಪಿಯುಸಿ ತನಕದ್ದು, ಹುಡುಗಿ ಓದಿ ಓದಿ ಹೇಳ್ತಾಳ, ನಾನು ಕೇಳಕೊಂತ ಸೊಪ್ಪು ಸೋಸ್ತೀನಿ.

ನಮ್ಮೂರಿನ ಹಳೇ ಹೆಸರು ನಾಗಲಾಪುರ. ರಾಯ ತನ್ನ ತಾಯಿ ನಾಗಲಾಂಬಿಕೆ ಹೆಸರಿನ ಮ್ಯಾಲ ಕಟ್ಟಿಸಿದ ಅಂತ ನಾವು ಕೇಳಿ ಬೆಳೆದದ್ದು. ಪಾಯೆಸ್ ಮಾತ್ರ, ಪ್ರೀತಿಯ ಹೆಂಡತಿ ಸಲುವಾಗಿ ಕಟ್ಟಿಸಿ ಆಕಿ ಹೆಸರಿಟ್ಟ ಅಂತ ಬರೀತಾನ. ತಾಯಿನೋ ಹೆಂಡತಿನೋ? ಐನೂರು ವರ್ಷ ಆದರೂ ಅತ್ತಿ ಸೊಸಿ ಜಗಳ ಮುಗಿದಿಲ್ಲ ನೋಡ್ರಿ.

ಸಂತಿ ಬಗ್ಗೆನೂ ಬರದಾನ. ಲಿಂಬಿಹಣ್ಣು, ಹುಳಿ ಸಿಹಿ ಕಿತ್ತಳಿ, ಬದನಿಕಾಯಿ ರಾಶಿ ರಾಶಿ ಬರ್ತಿದ್ದವಂತ, ನೋಡಿದವರಿಗೆ ದಿಗಿಲು ಬೀಳೋವಷ್ಟು. ನಾವು ಪುಸ್ತಕ ಹಿಡಕೊಂಡು ಸಂತ್ಯಾಗ ಅಡ್ಡಾಡಿ ಅಂವ ಹೇಳಿದ ಒಂದೊಂದನ್ನೂ ಫೋಟೋ ತಗದ್ವಿ. ಬದನಿಕಾಯಿ ಮಾರೋ ಅಮ್ಮ "ಯಾಕವ್ವಾ, ಪೇಪರಿನಾಗ ಹಾಕ್ತೀರೇನು?" ಅಂದಳು. ಟೊಮೆಟೊ ಫೋಟೋ ತಗೀಲಿಲ್ಲ, ಯಾಕಂದ್ರ ಟೊಮೆಟೊ ಅಮೆರಿಕ ಖಂಡದ ಬೆಳಿ, ಅವನ ಕಾಲಕ್ಕ ನಮ್ಮ ಸಂತಿಗೆ ಬಂದಿರಲಿಲ್ಲ. ಮೆಣಸಿನಕಾಯಿನೂ ಅಲ್ಲಿಂದನ ಬಂದದ್ದು. ಬದನಿಕಾಯಿ ಎಣ್ಣಿಗಾಯಿಗೆ ಖಾರದಪುಡಿ ಹಾಕದೆ ಕರಿಮೆಣಸು ಹಾಕಿ ಒಂದಿನ ಮಾಡಿದೆ. ಮನಿಯವರು ಉಂಡು ಸುಮ್ಮನಾದರು. ಎರಡನೇ ಸಲ ಕೇಳಲಿಲ್ಲ.

ಸಂಡೂರು ಕಡಿ ಗುಡ್ಡದ ಬಾಯಾಗ ನಮ್ಮ ರಾಯರ ಕೆರಿ ಐತಲ್ಲ, ಕೆರಿ ಅಂದ್ರೂ ಒಳಗ ಹೊಲ. ಆ ದೊಡ್ಡ ಏರಿ ಕಟ್ಟೋದನ್ನ ಪಾಯೆಸ್ ಕಣ್ಣಾರೆ ನೋಡಿದ್ದ. ಹದಿನೈದಿಪ್ಪತ್ತು ಸಾವಿರ ಮಂದಿ ಇರುವೆಯಂಗ ಕೆಲಸ ಮಾಡ್ತಿದ್ದರು, ನೆಲಾನೇ ಕಾಣತಿರಲಿಲ್ಲ ಅಂತ ಹೇಳ್ತಾನ. ನೂನಿಜ್ ಹೇಳೋ ಪ್ರಕಾರ ಜುವಾಂವ್ ದೆ ಲಾ ಪೊಂಟೆ ಅನ್ನೋ ಪೋರ್ಚುಗೀಸ್ ಕಲ್ಲುಕುಟಿಗನೂ ಕೆಲಸಕ್ಕ ಬಂದಿದ್ದ. ಏರಿ ಎರಡು ಮೂರು ಸಲ ಒಡೀತಂತ. ಆಗ ಬಲಿ ಬೇಕು ಅಂತ ಹೇಳಿದರಂತ. ಅರವತ್ತು ಮಂದಿಯ ತಲಿ, ಜೊತಿಗೆ ಕುದುರಿ, ಕೋಣ. ಹುಡುಗಿ ಇದನ್ನ ಓದಿದಾಗ ನಾವು ಏರಿ ಮ್ಯಾಲನ ಕುಂತು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಾಕ ಹತ್ತಿದ್ವಿ. ತುತ್ತು ಇಳೀಲಿಲ್ಲ. ಪರದೇಶದ ಕಲ್ಲುಕುಟಿಗನ ಹೆಸರು ಪುಸ್ತಕದಾಗ ಐತಿ. ಆ ಅರವತ್ತು ಮಂದ್ಯಾಗ ಒಬ್ಬಂದೂ ಇಲ್ಲ. ಅವರಿಗೂ ಮನಿ ಇತ್ತಲ್ಲ, ಮನ್ಯಾಗ ಕಾಯೋರು ಇದ್ದರಲ್ಲ.

ಕಂಪ್ಲಿಗೆ ಹೋದದ್ದು ಲಗ್ನಕ್ಕ. ಊಟ ಆದ ಮ್ಯಾಲ ಹುಡುಗಿ ಸುಮ್ಮನ ಕೂಡಬೇಕಲ್ಲ, ಕೋಟಿ ಕಡಿ ಹೊಳಿ ದಂಡಿಗೆ ಎಳಕೊಂಡು ಹೋದಳು, ರೇಷ್ಮಿ ಸೀರಿ ಮ್ಯಾಲನ. ವಿಜಯನಗರಕ್ಕಿಂತ ಮೊದಲ ಕಂಪಿಲ ರಾಜ್ಯ ಇತ್ತು, ಗಂಡುಗಲಿ ಕುಮಾರರಾಮನ ರಾಜ್ಯ. 1327ರ ಸುಮಾರಿಗೆ ದಿಲ್ಲಿ ತುಘಲಕನ ದಂಡು ಬಂದು ಮುಗಿಸಿತು. ಕುಮಾರರಾಮನ ಮ್ಯಾಲ ನಂಜುಂಡ ಕವಿಯ ಸಾಂಗತ್ಯ ಐತಿ. ಹೆಣ್ಣುಮಕ್ಕಳ ಸುದ್ದಿ ಬೇಕಂದ್ರ ಮೊರಾಕ್ಕೊದಿಂದ ಬಂದ ಇಬ್ನ್ ಬತೂತನ ಪುಸ್ತಕ ತಗೀಬೇಕು. ಕಂಪಿಲರಾಯನ ಮನಿ ಹೆಣ್ಣುಮಕ್ಕಳು ಬೆಂಕಿಗೆ ಬಿದ್ದರು ಅಂತ ಅಂವ ಬರದಾನ. ಅಲ್ಲೂ ಹೆಸರಿಲ್ಲ. ನಮ್ಮ ವೈನಿ ಹೊಳಿಯಾಗ ಕಾಲಿಟ್ಟುಕೊಂಡು ಸುಮ್ಮನ ಕುಂತಿದ್ದಳು. ಹುಡುಗಿ ಆಕಿ ಕಾಲಿಂದು, ಕಾಲುಂಗುರದ್ದು ಫೋಟೋ ತಗದಳು. ಕಂಪ್ಲಿಯಿಂದ ತಂದ ಫೋಟೋ ಅದೊಂದೇ.

ಸಂಡೂರಿಗೂ ಹೋಗಿದ್ವಿ. ಕುಮಾರಸ್ವಾಮಿ ಗುಡಿ ಒಳಗ ನಾವು ಹೆಂಗಸರು ಹೋಗೋ ಪದ್ಧತಿ ಇಲ್ಲ, ಪಾರ್ವತಿ ಗುಡಿಗೆ ಹೋಗಿ ಬಂದ್ವಿ. ನನಗ ಹೆಚ್ಚು ಖುಷಿ ಕೊಟ್ಟದ್ದು ಲಂಬಾಣಿ ಅಕ್ಕಂದಿರ ಕಸೂತಿ. ಬಟ್ಟಿ ಮ್ಯಾಲಿನ ಒಂದೊಂದು ಕನ್ನಡಿ ಚೂರಿನಾಗ ನಮ್ಮ ನಾಲ್ಕೂ ಮಂದಿ ಮುಖ ಸಣ್ಣದಾಗಿ ಬಂದ ಫೋಟೋ ಒಂದು ಬಾಳ ಚೆಂದ ಬಂದೈತಿ. ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ, ಹೊಲಿಗಿ ನೋಡಕೊಂಡು ಬರೀಬೇಕು.

ಈಗ ನನಗ ಚುಚ್ಚತೈತಿ ಅಂದೆನಲ್ಲ, ಅದು. ನಮ್ಮ ಅತ್ತಿಯ ತವರಮನಿ ನಾರಾಯಣದೇವರಕೆರಿ. ತುಂಗಭದ್ರಾ ಡ್ಯಾಂ ಕಟ್ಟಿದಾಗ ಮುಳುಗಿದ ಊರು. 1945ರಾಗ ಡ್ಯಾಮಿಗೆ ಅಡಿಗಲ್ಲು, 1953ರಾಗ ನೀರು. ಊರವರು ಮರಿಯಮ್ಮನಹಳ್ಳಿಗೆ ಬಂದರು. ನಮ್ಮ ಅತ್ತಿಗೆ ಆಗ ಹದಿಮೂರು ವರ್ಷ. ಲಗ್ನ ಆಗಿ ನಾನು ಬಂದ ದಿನದಿಂದ ಆ ಊರಿನ ಸುದ್ದಿ ಕೇಳೀನಿ. ಬಾವಿ ಇಂಥಲ್ಲಿ, ಗುಡಿ ಇಂಥಲ್ಲಿ, ಬೇವಿನಗಿಡ ಇಂಥಲ್ಲಿ ಅಂತ. ಬಾಯಿಗೆ ಹೂಂ ಅಂತಿದ್ದೆ, ಕೈ ಕೆಲಸ ಮಾಡತಿತ್ತು. ಹಂಪಿಯ ಕಲ್ಲಿಗೆ 1856ರಾಗ ಫೋಟೋ ಐತಿ. ಅದಾಗಿ ನೂರು ವರ್ಷಕ್ಕ ಮುಳುಗಿದ ಊರಿಂದು ನಮ್ಮ ಮನ್ಯಾಗ ಒಂದೂ ಇಲ್ಲ. ಊರು ಬಿಡೋ ಮುಂದ ಬೀಸೋಕಲ್ಲು ತಂದರು, ಹೊಸ್ತಿಲ ಕಟಗಿ ಕಿತ್ತುಕೊಂಡು ಬಂದರು, ಫೋಟೋ ತಗಿಸೋ ವಿಚಾರ ಯಾರಿಗೆ ಬರಬೇಕು, ರೊಕ್ಕ ಎಲ್ಲಿತ್ತು.

2019ರಾಗ ಒಂದಿನ ಹುಡುಗಿ ಅತ್ತಿನ್ನ ಕಾರಿನಾಗ ಕೂಡಿಸಿಕೊಂಡು ಮರಿಯಮ್ಮನಹಳ್ಳಿ ಕಡಿ ಹಿನ್ನೀರಿನ ದಂಡಿಗೆ ಕರಕೊಂಡು ಹೋದಳು. ನಾನೂ ಹೋಗಿದ್ದೆ. ಆಗಿನ್ನೂ ಈ ಆಟ ಶುರು ಆಗಿರಲಿಲ್ಲ, ಆಕಿ ಕೈಯಾಗ ಹೊಸಾ ಮೊಬೈಲು ಬಂದಿತ್ತು ಅಷ್ಟೇ. ಅತ್ತಿ ಸೆರಗು ತಲಿ ಮ್ಯಾಲ ಎಳಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಬೆರಳು ಚಾಚಿ ಹೇಳಾಕ ಹತ್ತಿದರು. ಅಲ್ಲೇ ನೋಡವಾ, ಆ ಹಕ್ಕಿ ಕುಂತಾವಲ್ಲ, ಅದರ ಎಡಕ್ಕ ನಮ್ಮ ಓಣಿ. ನನಗ ಬರೇ ನೀರು ಕಾಣತಿತ್ತು. ಹುಡುಗಿ ಫೋಟೋ ತಗದಳು. ನೀರು, ದೂರದಾಗ ಗುಡ್ಡ, ಈ ಕಡಿಯಿಂದ ಒಂದು ಬಳಿ ಹಾಕಿದ ಕೈ, ಚಾಚಿದ ಬೆರಳು. ಮುಖ ಬಂದಿಲ್ಲ. ಮುಂದಿನ ವರ್ಷ ಅತ್ತಿ ಹೋದರು.

ಆ ಫೋಟೋ ದೊಡ್ಡದು ಮಾಡಿಸಿ ಹಿಂದ ಪೆನ್ಸಿಲ್ಲಿನಿಂದ ಬರದೀನಿ. ಬೆರಳಿನ ನೇರಕ್ಕ ಬಾವಿ, ಎಡಕ್ಕ ಓಣಿ, ಹಕ್ಕಿ ಇದ್ದಲ್ಲಿ ಗುಡಿ. ಅತ್ತಿಯ ಹೆಸರು, ಅವರ ಅವ್ವನ ಹೆಸರು, ಅವರಜ್ಜಿ ಹೆಸರು. ಅಜ್ಜಿಗಿಂತ ಹಿಂದಿನವರ ಹೆಸರು ಕೇಳಿಟ್ಟುಕೊಂಡಿರಲಿಲ್ಲ.

ಓದೋ ಅಕ್ಕತಂಗ್ಯಾರೊಳಗ ಯಾರ ಮನ್ಯಾಗಾದರೂ ಹಂಪಿ ಬಜಾರದ್ದು, ಹಳೇ ಸಂತಿದು, ಡ್ಯಾಮಿನ ಮುಂದ ತಗಿಸಿಕೊಂಡದ್ದು ಫೋಟೋ ಇದ್ದರ ಗೆದ್ದಲು ಹಿಡಿಯೋದ್ರೊಳಗ ತರ್ರಿ. ಹುಡುಗಿ ಮೊಬೈಲಿನಾಗ ತಗೊಂಡು ಅಲ್ಲೇ ವಾಪಸ್ ಕೊಡ್ತಾಳ. ರಂಗೋಲಿ ಹಾಕೋ ಆಕಿ ಯಾರಂತ ಯಾರಾದರೂ ಗುರುತು ಹಿಡಿತೀರೇನು ನೋಡ್ರಿ, ಹಸಿರು ಸೀರಿ, ಎಡಗೈಯಾಗ ಬಟ್ಟಲು. ಭಾನುವಾರ ಮಧ್ಯಾಹ್ನ ಮನ್ಯಾಗನ ಇರ್ತೀನಿ. ಒಗ್ಗರಣಿ ಮಿರ್ಚಿ ನನ್ನ ಕಡಿಂದ.